ಹಲಸಿನ ಕಪಾಟಿನ ಬೀಗದ ಕೈ

ಒಣಗಿದ ಹಲಸಿನ ಮರಕ್ಕೆ ಒಂದು ವಾಸನೆ ಇದೆ. ಹಣ್ಣಿನ ವಾಸನೆಯಲ್ಲ. ಹಣ್ಣು ತಿಂದು ಕೈ ತೊಳೆದ ಮೇಲೂ ಬೆರಳಲ್ಲಿ ಉಳಿಯುತ್ತದಲ್ಲ, ಅಷ್ಟು ಸಣ್ಣದು. ಹಲಸಿನ ಕಪಾಟನ್ನು ವರ್ಷಗಟ್ಟಲೆ ಮುಚ್ಚಿಟ್ಟು ಆಮೇಲೆ ಬಾಗಿಲು ತೆಗೆದರೆ ಅದು ಒಮ್ಮೆಲೇ ಮುಖಕ್ಕೆ ಬರುತ್ತದೆ. ಕಳೆದ ವಾರ ನಮ್ಮ ಜಗಲಿಯಲ್ಲಿ, ಏಳು ವರ್ಷದಿಂದ ಬೀಗ ಹಾಕಿಯೇ ಇದ್ದ ಒಂದು ಕಪಾಟನ್ನು ತೆರೆದೆ. ಹಲಸಿನ ವಾಸನೆ ಬಂತು, ಅದರ ಹಿಂದೆಯೇ ಕರ್ಪೂರದ್ದೂ, ಕೋವಿಗೆ ಒರೆಸುವ ಎಣ್ಣೆಯದ್ದೂ ಬಂತು. ಒಳಗೆ ಏನೂ ಇರಲಿಲ್ಲ. ನಾನು ಬಾಗಿಲು ಹಿಡಿದುಕೊಂಡು ಹಾಗೇ ನಿಂತಿದ್ದೆ…

ಆ ಕಪಾಟನ್ನು ಮಾಡಿದವನು ನಾನೇ. ಮಾಡಿಸಿದವರು ನಮ್ಮ ಮೇಲಿನ ಮನೆಯ ಭಾವ. ಅವರು ಈಗಿಲ್ಲ. ಅವರು ಇಲ್ಲವಾದದ್ದಕ್ಕೂ ಈ ಕಪಾಟಿನ ಬೀಗದ ಕೈಗೂ ಸಂಬಂಧ ಇದೆ, ಬೀಗದ ಕೈಗೂ ನನಗೂ ಸಂಬಂಧ ಇದೆ. ಸುತ್ತಿ ಬಳಸಿ ಹೇಳುವ ಯೋಗ್ಯತೆ ನನಗಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಭಾವ ಎಂದರೆ ನಿಜವಾದ ಭಾವ ಅಲ್ಲ. ನಾನು ಸೋಮವಾರಪೇಟೆ ಕಡೆಯವನು, ಚೆಟ್ಟಳ್ಳಿ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ಹೆಸರಿಗೆ ರೈಟರ್, ಬರೆದದ್ದೆಲ್ಲ ಆಳುಗಳ ಹಾಜರಿ ಮತ್ತು ಕಾಫಿ ಹಣ್ಣಿನ ತೂಕ. ರಿಟೈರಾಗುವ ಮೊದಲೇ ಅಲ್ಲೇ ಸ್ವಲ್ಪ ಜಾಗ ಮಾಡಿಕೊಂಡು ಮನೆ ಕಟ್ಟಿದೆ. ಗೃಹಪ್ರವೇಶದ ದಿನ ಮೇಲಿನ ತೋಟದ ಹೆಂಗಸು ಒಂದು ಗೊನೆ ಬಾಳೆಹಣ್ಣು ಹಿಡಿದುಕೊಂಡು ಬಂದರು. ಬಾಯಿ ತಪ್ಪಿ ಅಕ್ಕ ಎಂದುಬಿಟ್ಟೆ. ಹಿಂದೆ ಬಂದ ಅವರ ಗಂಡ, "ಹಾಗಾದ್ರೆ ನಾನು ಭಾವ. ಇನ್ನು ಮೇಲೆ ಮರ್ಯಾದೆ ಕೊಡು" ಎಂದರು. ಅವರು ಅರೆಭಾಷೆಯವರು, ನನ್ನದು ಸೋಮವಾರಪೇಟೆ ಬದಿಯ ಕನ್ನಡ. ನಡುವೆ ಊರಿನ ಬೆರಕೆ ಮಾತಿನಲ್ಲಿ ಇಪ್ಪತ್ತು ವರ್ಷ ತಮಾಷೆ ಮಾಡಿಕೊಂಡು ಕಳೆದೆವು. ದಿನಾ ಬೆಳಿಗ್ಗೆ ಅವರು ಜೀಪಿನಲ್ಲಿ ಆಳು ಕರೆತರಲು ಹೋಗುವಾಗ ನಮ್ಮ ಗೇಟಿನ ಮುಂದೆ ಹಾರ್ನ್ ಬಾರಿಸಿ "ರೈಟ್ರೇ, ನಮ್ಮ ಹಾಜರಿ ಹಾಕ್ಕೊಳ್ಳಿ" ಎಂದು ಕೂಗುತ್ತಿದ್ದರು. ನನ್ನ ಹೆಂಡತಿಗೆ ಆ ಹಾರ್ನೇ ಗಡಿಯಾರ ಆಗಿತ್ತು.

ಒಂದು ವರ್ಷ ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಕಾಲದಲ್ಲಿ ಆ ಹಾರ್ನ್ ನಿಂತಿತು. ಆಳುಗಳನ್ನು ಕೂರಿಸಿಕೊಂಡು ಬರುವಾಗ ತಿರುವಿನಲ್ಲಿ ಎದುರಿಗೆ ಲಾರಿ ಬಂತು, ಭಾವ ಎಡಕ್ಕೆ ಎಳೆದರು, ರಸ್ತೆ ಅಂಚಿನ ಮಣ್ಣು ಜಾರಿತು, ಜೀಪು ಮಗುಚಿತು. ಹನ್ನೆರಡು ಜನರಲ್ಲಿ ಹನ್ನೊಂದು ಜನ ಎದ್ದು ಮಣ್ಣು ಕೊಡವಿಕೊಂಡರು. ಒಬ್ಬಳು ಏಳಲಿಲ್ಲ. ಹದಿನೆಂಟು ವರ್ಷದಿಂದ ಅವರ ತೋಟದಲ್ಲೇ ಕೆಲಸ ಮಾಡಿಕೊಂಡಿದ್ದ ಹೆಂಗಸು. ಕೇಸಾಯಿತು, ಮುಗಿಯಿತು. ಆಕೆಯ ಗಂಡನೇ ಆಳುಗಳ ಲೈನ್ ಮನೆಯಿಂದ ನಡೆದು ಬಂದು "ನಿಮ್ಮ ತಪ್ಪಲ್ಲ ಸಾವ್ಕಾರ್ರೆ" ಎಂದು ಹೇಳಿ ಹೋದ. ಅದರಿಂದ ಇನ್ನೂ ಕೆಟ್ಟದ್ದಾಯಿತು. ಅವನು ನಾಲ್ಕು ಬೈದಿದ್ದರೆ ಭಾವ ಸುಧಾರಿಸಿಕೊಳ್ಳುತ್ತಿದ್ದರೋ ಏನೋ.

ಅವರು ಜೀಪು ಮಾರಿದರು. ಮಾತು ಕಡಿಮೆಯಾಯಿತು. ಊಟ ಕಡಿಮೆಯಾಯಿತು. ಮಡಿಕೇರಿಗೆ ಕರೆದುಕೊಂಡು ಹೋಗಿ ಯಾರಾದರೂ ಡಾಕ್ಟರಿಗೆ ತೋರಿಸಬೇಕಿತ್ತು ಎಂದು ಈಗ ಎಲ್ಲರೂ ಹೇಳುತ್ತಾರೆ. ಆಗ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮಲ್ಲಿ ಕಾಲು ಮುರಿದರೆ ಆಸ್ಪತ್ರೆ, ಮನಸ್ಸು ಮುರಿದರೆ 'ಸ್ವಲ್ಪ ದಿನ ಬಿಡಿ, ಸರಿಹೋಗ್ತದೆ'. ನಾವೂ ಬಿಟ್ಟೆವು.

ಆಗಲೇ ನನಗೆ ಮರಗೆಲಸದ ಹುಚ್ಚು ಹತ್ತಿದ್ದು. ರಿಟೈರಾದ ಗಂಡಸರಿಗೆ ಏನಾದರೊಂದು ಹತ್ತುತ್ತದೆ. ನಾನು ಉಳಿ, ಕೀಸುಳಿ, ಗರಗಸ ಎಲ್ಲ ಹೊಂದಿಸಿಕೊಂಡು ಜಗಲಿಯಲ್ಲಿ ಶುರು ಮಾಡಿದೆ. ಮೊದಲು ಮಾಡಿದ ಸ್ಟೂಲಿಗೆ ಮೂರೇ ಕಾಲು ನೆಲಕ್ಕೆ ತಾಗುತ್ತಿದ್ದವು, ನಾಲ್ಕನೆಯದು ಯಾವಾಗಲೂ ಎತ್ತಿಕೊಂಡೇ ಇರುತ್ತಿತ್ತು. ಕೀಸಿದ ಹೊಟ್ಟು ಸಾರಿನ ಪಾತ್ರೆಗೆ ಹಾರುತ್ತದೆ ಎಂದು ನನ್ನ ಹೆಂಡತಿ ದಿನಾ ಜಗಳಕ್ಕೆ ಬರುತ್ತಿದ್ದಳು. ಇದನ್ನು ಕೇಳಿಸಿಕೊಂಡ ಭಾವ ಒಂದು ದಿನ ಬೇಲಿ ಹತ್ತಿರ ಬಂದು, "ನಮ್ಮ ಜೀಪಿನ ಶೆಡ್ಡು ಖಾಲಿ ಉಂಟಲ್ಲ. ಅಲ್ಲಿ ಮಾಡು" ಎಂದರು. ಹಾಗೆ ನನ್ನ ಕಾರ್ಖಾನೆ ಅವರ ಶೆಡ್ಡಿಗೆ ಹೋಯಿತು. ಒಂದು ಉದ್ದದ ಮೇಜು, ಗೋಡೆಗೆ ಮೊಳೆ ಹೊಡೆದು ತೂಗು ಹಾಕಿದ ಉಪಕರಣಗಳು, ಒಂದು ಬಲ್ಬು, ಅಷ್ಟೇ. ನೆಲದ ಮೇಲೆ ಜೀಪಿನ ಆಯಿಲ್ ಬಿದ್ದ ಕಪ್ಪು ಕಲೆ ಇತ್ತು. ಭಾವ ದಿನಾ ಸಂಜೆ ಶೆಡ್ಡು ಗುಡಿಸುತ್ತಿದ್ದರು. ಗುಡಿಸಿದ ಹೊಟ್ಟನ್ನೆಲ್ಲ ಹೊರಗೆ ಹಾಕದೆ ಆ ಕಲೆಯ ಮೇಲೆ ಹರಡುತ್ತಿದ್ದರು. ಆಯಿಲ್ ಹೀರಲಿ ಎಂದು ಹಾಕುತ್ತಾರೆ ಅಂತ ನಾನು ಅಂದುಕೊಂಡಿದ್ದೆ.

ಮಳೆ ಜೋರಾಗಿದ್ದ ಒಂದು ಮಧ್ಯಾಹ್ನ ಅವರು, "ಕೋವಿಗೆ ಒಂದು ಕಪಾಟು ಬೇಕು. ಬೀಗ ಇರುವಂಥದ್ದು" ಎಂದರು. ನನಗೆ ಆಶ್ಚರ್ಯವಾಯಿತು. ಇಲ್ಲಿನ ಮನೆಗಳಲ್ಲಿ ಕೋವಿ ಇರುವುದು ದೊಡ್ಡ ಸಂಗತಿಯಲ್ಲ, ದೇವರ ದೀಪದ ಪಕ್ಕದ ಗೋಡೆಯಲ್ಲಿ ಅದು ಅಜ್ಜನ ಕಾಲದಿಂದ ನೇತಾಡಿಕೊಂಡಿರುತ್ತದೆ. ಅವರ ಮನೆಯದೂ ಹಾಗೇ ಇತ್ತು. ಈಗ ಯಾಕೆ ಬೀಗ ಎಂದು ಕೇಳಿದೆ. "ಕಾಲ ಸರಿ ಇಲ್ಲ" ಎಂದರು. ಅಡಿಗೆಮನೆಯ ಅಟ್ಟದಿಂದ ನಾಲ್ಕು ಹಲಸಿನ ಹಲಗೆ ಇಳಿಸಿದರು. ಯಾವಾಗಲೋ ಗಾಳಿಗೆ ಬಿದ್ದ ಮರದ್ದು, ಹತ್ತು ವರ್ಷ ಒಲೆಯ ಹೊಗೆ ಕುಡಿದು ಕಬ್ಬಿಣದ ಹಾಗೆ ಆಗಿದ್ದವು. ಒಂದೆಳೆ ಕೀಸಿದೆ ನೋಡಿ, ಒಳಗೆ ಅರಿಶಿನದ ಬಣ್ಣ. ಅಂಥ ಮರ ನನ್ನ ಕೈಗೆ ಮತ್ತೆ ಸಿಕ್ಕಿಲ್ಲ.

ನಾನು ಹೇಳಿದೆ, ಈಗ ಬೇಡ ಭಾವ, ಚಳಿ ಬೀಳಲಿ. ಮಳೆಗಾಲದಲ್ಲಿ ಮರ ನೀರು ಹೀರಿ ಊದಿಕೊಂಡಿರುತ್ತದೆ, ಈಗ ಕೂಡಿಸಿದ ಬಾಗಿಲು ಬೇಸಿಗೆಯಲ್ಲಿ ಬೆರಳು ತೂರುವಷ್ಟು ಸಂದು ಬಿಡುತ್ತದೆ. ಅವರು ಕೇಳಲಿಲ್ಲ. "ಚಳಿವರೆಗೆ ಕಾಯೋಕಾಗಲ್ಲ ಮಾರಾಯ. ಬೇಗ ಆಗ್ಬೇಕು" ಎಂದರು. ಇಪ್ಪತ್ತು ವರ್ಷದಲ್ಲಿ ಯಾವುದಕ್ಕೂ ಅವಸರ ಮಾಡಿದ ಮನುಷ್ಯನಲ್ಲ. ಆ ಮಾತಿನ ಮೇಲೆ ನಾನು ಒಂದು ನಿಮಿಷ ನಿಲ್ಲಬೇಕಿತ್ತು. ನಾನು ನಿಂತದ್ದು ಸಂದಿನ ಸಮಸ್ಯೆಯ ಮೇಲೆ.

ಅದಕ್ಕೊಂದು ಉಪಾಯ ಇದೆ. ಬಾಗಿಲಿಗೆ ನಾಲ್ಕು ಪಟ್ಟಿಯ ಚೌಕಟ್ಟು ಮಾಡಿ, ಒಳಅಂಚಿನಲ್ಲಿ ಉದ್ದಕ್ಕೂ ಗೀರು ಕೊರೆದು, ನಡುವಿನ ಹಲಗೆಯನ್ನು ಆ ಗೀರಿನೊಳಗೆ ಸುಮ್ಮನೆ ಕೂರಿಸಬೇಕು. ಅಂಟು ಹಾಕಬಾರದು, ಮೊಳೆ ಹೊಡೆಯಬಾರದು. ಹಲಗೆ ಮಳೆಗೆ ಊದಲಿ, ಬಿಸಿಲಿಗೆ ಕುಗ್ಗಲಿ, ಗೀರಿನೊಳಗೇ ಅದರ ಆಟ. ಚೌಕಟ್ಟು ಅಲ್ಲಾಡುವುದಿಲ್ಲ. ಇದನ್ನು ನಾನು ಭಾವನಿಗೆ ಬಹಳ ಠೀವಿಯಿಂದ ವಿವರಿಸಿದೆ. ಅವರು ಗಮನವಿಟ್ಟು ಕೇಳಿ, "ಮನುಷ್ಯರಿಗೂ ಹೀಗೆ ಸ್ವಲ್ಪ ಜಾಗ ಬಿಡ್ಬೇಕಿತ್ತು" ಎಂದರು. ನಾನು ನಕ್ಕೆ. ಥೂ, ನನ್ನ ನಗುವಿಗಿಷ್ಟು.

ಒಂದು ತಿಂಗಳು ಆ ಕೆಲಸ ನಡೆಯಿತು. ಭಾವ ಹಲಗೆಯ ಇನ್ನೊಂದು ತುದಿ ಹಿಡಿಯುತ್ತಿದ್ದರು, ಉಳಿ ಮಸೆದು ಕೊಡುತ್ತಿದ್ದರು, ಪಾಲಿಶ್ ಪೇಪರ್ ಉಜ್ಜುತ್ತಿದ್ದರು. ಕೆಲವು ದಿನ ಉಜ್ಜುತ್ತಾ ಉಜ್ಜುತ್ತಾ ಕೈ ನಿಂತುಹೋಗುತ್ತಿತ್ತು, ಮಳೆ ನೋಡಿಕೊಂಡು ಅರ್ಧ ಗಂಟೆ ಹಾಗೇ ಇರುತ್ತಿದ್ದರು. ಕೋವಿಯ ಹಿಡಿ ಕೂರಲು ಕೆಳಗಿನ ಹಲಗೆಯಲ್ಲಿ ಒಂದು ಗುಳಿ ಕೆತ್ತಬೇಕಿತ್ತು. ಕೋವಿ ತನ್ನಿ, ಇಟ್ಟು ಅಳತೆ ನೋಡೋಣ ಎಂದೆ. ಅವರು ತರಲಿಲ್ಲ. ಮರುದಿನ ಒಂದು ಕಾಫಿ ಗಿಡದ ಕೋಲಿಗೆ ಚಾಕುವಿನಿಂದ ಗುರುತು ಹಾಕಿ ತಂದು, "ಇಷ್ಟು ಉದ್ದ, ಇಷ್ಟು ದಪ್ಪ" ಎಂದು ಕೊಟ್ಟರು. ಅಂಗಳ ದಾಟಿದರೆ ಮನೆ, ಗೋಡೆಯಲ್ಲಿ ಕೋವಿ. ತರುವುದಕ್ಕೇನು ಕಷ್ಟ ಎಂದು ಗೊಣಗಿಕೊಂಡೇ ಆ ಕೋಲು ನೋಡಿ ಗುಳಿ ಕೆತ್ತಿದೆ. ಅವರಿಗೆ ಅದನ್ನು ಕೈಯಲ್ಲಿ ಹಿಡಿಯುವ ಧೈರ್ಯ ಇರಲಿಲ್ಲ ಎಂದು ಹೊಳೆದದ್ದು ಎಲ್ಲ ಮುಗಿದ ಮೇಲೆ.

ಕಪಾಟು ಮುಗಿದ ದಿನ ಇಬ್ಬರೂ ಹೊತ್ತು ಒಳಗೆ ತಂದು ನಿಲ್ಲಿಸಿದೆವು. ಕೋವಿಯನ್ನು ಗೋಡೆಯಿಂದ ತೆಗೆದು ಒಳಗಿಟ್ಟದ್ದು ನಾನು. ಬಾಗಿಲು ಹಾಕಿದರೆ ಒಂದು ಕೂದಲೆಳೆಯ ಸಂದೂ ಇಲ್ಲ. ಅಕ್ಕ ನೋಡಿ "ಪರವಾಗಿಲ್ಲ, ಸ್ಟೂಲಿನ ಹಾಗಲ್ಲ" ಎಂದರು. ಆಮೇಲೆ ಭಾವ ನನ್ನ ಜೊತೆ ಶೆಡ್ಡಿನವರೆಗೆ ಬಂದು, ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. ಬೀಗದ ಜೊತೆ ಎರಡು ಬಂದಿತ್ತಲ್ಲ, ಇನ್ನೊಂದೆಲ್ಲಿ ಎಂದು ಕೇಳಿದೆ. ಕೆರೆಗೆ ಎಸೆದೆ ಎಂದರು.

"ಇದು ನಿನ್ನ ಹತ್ರ ಇರ್ಲಿ. ನಾನು ಬಂದು ಕೇಳಿದ್ರೂ ಕೊಡ್ಬೇಡ."

"ಎಂಥ ಭಾವ, ನಿಮ್ಮ ಕೋವಿಗೆ ನಾನು ಕಾವಲಾ?"

"ಹೌದು. ಅಕ್ಕನಿಗೆ ಹೇಳ್ಬೇಡ."

ಅರ್ಥವಾಗಲಿಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅರ್ಥವಾಗಿತ್ತು. ಆದರೆ ಬಾಯಿ ಬಿಟ್ಟು ಕೇಳಿದರೆ ಅದು ನಿಜವಾಗಿಬಿಡುತ್ತದೆ ಎನ್ನುವ ಹೆದರಿಕೆ, ಮರ್ಯಾದಸ್ಥರ ಮನೆಯ ವಿಷಯ ಎನ್ನುವ ಸಂಕೋಚ. ಬೀಗ ಇದೆ, ಕೀಲಿ ನನ್ನ ಹತ್ತಿರ ಇದೆ, ಇನ್ನೇನು ಭಯ ಎಂದು ಸಮಾಧಾನ ಮಾಡಿಕೊಂಡೆ. ಎರಡು ದಿನ ಬಿಟ್ಟು ಅಕ್ಕ, "ಕಪಾಟಿನ ಬೀಗದ ಕೈ ನಿನ್ನ ಹತ್ರ ಉಂಟಂತೆ, ಯಾಕೆ?" ಎಂದು ಕೇಳಿದರು. ಬೀಗ ಬಿಗಿ ಇದೆ ಅಕ್ಕ, ಎಣ್ಣೆ ಹಾಕಬೇಕು ಎಂದೆ. ಎಷ್ಟು ಸಲೀಸಾಗಿ ಬಂತು ನೋಡಿ ಬಾಯಿಗೆ.

ಗದ್ದೆಯ ನಾಟಿ ಮುಗಿದು ಕೈಲ್ ಮುಹೂರ್ತ ಬಂತು. ಆ ದಿನ ಇಲ್ಲಿ ಮನೆಮನೆಯಲ್ಲಿ ಕೋವಿ, ಕತ್ತಿ, ನೇಗಿಲು, ಯಾರ ಕೈಗೆ ಯಾವ ಉಪಕರಣವೋ ಅದನ್ನೆಲ್ಲ ತೊಳೆದು ಒರೆಸಿ ಪೂಜೆಗೆ ಇಡುತ್ತಾರೆ. ಕೋವಿಯ ನಳಿಗೆಗೆ ಕೆಂಪು ಹಳದಿಯ ತೋಕ್ ಹೂ ಸಿಕ್ಕಿಸುತ್ತಾರೆ. ನಾನೂ ಬೆಳಿಗ್ಗೆಯೇ ಸ್ನಾನ ಮಾಡಿ ಶೆಡ್ಡಿಗೆ ಹೋಗಿ ಮೇಜಿನ ಮೇಲೆ ನನ್ನ ಉಳಿ, ಕೀಸುಳಿ, ಗರಗಸ ಎಲ್ಲ ಸಾಲಾಗಿ ಜೋಡಿಸಿ ಗಂಧ ಹಚ್ಚುತ್ತಿದ್ದೆ. ಆ ಕಪಾಟು ಮಾಡಿದ ಮೇಲೆ ನನಗೆ ನಾನೇ ದೊಡ್ಡ ಆಚಾರಿ ಅನ್ನಿಸಿತ್ತು. ಭಾವ ಬಂದು ಬಾಗಿಲಲ್ಲಿ ನಿಂತರು. ಬಿಳಿ ಪಂಚೆ, ಶೇವ್ ಮಾಡಿದ ಮುಖ. ಎಷ್ಟೋ ತಿಂಗಳ ಮೇಲೆ ಅವರನ್ನು ಹಾಗೆ ನೋಡಿದ್ದು.

"ಕೀಲಿ ಕೊಡು. ಅಕ್ಕ ಪೂಜೆಗೆ ಕಾಯ್ತಾ ಇದ್ದಾಳೆ."

ಕೇಳಿದರೂ ಕೊಡಬೇಡ ಅಂದಿದ್ದಿರಲ್ಲ ಎಂದೆ. ಅವರು ನಕ್ಕರು. "ಅದು ಬೇರೆ ದಿನಕ್ಕೆ ಮಾರಾಯ. ಇವತ್ತು ಹಬ್ಬ. ಸಂಜೆಯೊಳಗೆ ವಾಪಸ್ ತಂದಿಡ್ತೇನೆ."

ಆ ನಗು ನನ್ನನ್ನು ಕೆಡಿಸಿತು. ಭಾವ ಸುಧಾರಿಸಿದರು ಅಂದುಕೊಂಡೆ. ಕೈಲ್ ಮುಹೂರ್ತದ ದಿನ ಮನೆಯ ಕೋವಿಯನ್ನು ಪೂಜೆಗೆ ಇಡದಿದ್ದರೆ ಬಂದವರು ಏನನ್ನುತ್ತಾರೆ, ಅಕ್ಕನಿಗೆ ಏನು ಹೇಳುವುದು, ಅದೂ ತಲೆಯಲ್ಲಿತ್ತು. ನಾನೇ ಜೊತೆಗೆ ಹೋಗಿ ಬೀಗ ತೆಗೆದು, ಪೂಜೆ ಮುಗಿಯುವವರೆಗೆ ಅಲ್ಲೇ ಕೂತು, ಮತ್ತೆ ಬೀಗ ಹಾಕಿ ಬರಬಹುದಿತ್ತು. ಹತ್ತು ನಿಮಿಷದ ಕೆಲಸ. ಆದರೆ ನನ್ನ ಕೈಯಲ್ಲಿ ಗಂಧ, ಇನ್ನೂ ಅರ್ಧ ಉಪಕರಣಕ್ಕೆ ಹಚ್ಚಬೇಕಿತ್ತು. ಕೊಟ್ಟುಬಿಟ್ಟೆ.

ಮಧ್ಯಾಹ್ನ ಊಟ ಮಾಡಿ ಮೈದಾನಕ್ಕೆ ಹೋದೆ. ಹಬ್ಬದ ದಿನ ಅಲ್ಲಿ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ ಇರುತ್ತದೆ. ನಮ್ಮ ಊರಿನಲ್ಲಿ, ಪಕ್ಕದ ಊರಿನಲ್ಲಿ, ಗುಡ್ಡದ ಆಚೆಗೆ, ಎಲ್ಲ ಕಡೆಯಿಂದ ಸದ್ದು ಬರುತ್ತಿರುತ್ತದೆ. ವರ್ಷದಲ್ಲಿ ಆ ಒಂದು ದಿನ ಗುಂಡಿನ ಸದ್ದಿಗೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ನಾನೂ ನೋಡಲಿಲ್ಲ. ಕಾಯಿ ಒಡೆದಾಗೆಲ್ಲ ಚಪ್ಪಾಳೆ ತಟ್ಟಿದೆ, ಒಡೆಯದಿದ್ದರೂ ತಟ್ಟಿದೆ. ಯಾವ ಸದ್ದಿಗೆ ತಟ್ಟಿದೆನೋ…

ಸಂಜೆ ಅಕ್ಕ ನಮ್ಮ ಗೇಟಿನ ಹತ್ತಿರ ಬಂದು, ಭಾವ ನಿನ್ನ ಜೊತೆ ಮೈದಾನಕ್ಕೆ ಬಂದಿದ್ದರಾ ಎಂದು ಕೇಳಿದರು. ಬಂದಿರಲಿಲ್ಲ. ನಾನು ಮೊದಲು ಓಡಿದ್ದು ಶೆಡ್ಡಿಗೆ. ಮೇಜಿನ ಮೇಲೆ ನನ್ನ ಉಪಕರಣಗಳ ಸಾಲಿನಲ್ಲಿ, ಉಳಿಗೂ ಕೀಸುಳಿಗೂ ನಡುವೆ, ಬೀಗದ ಕೈ ಇತ್ತು. ಅದಕ್ಕೂ ಒಂದು ಚೂರು ಗಂಧ ಹಚ್ಚಿದ್ದರು. ಸಂಜೆಯೊಳಗೆ ತಂದಿಡುತ್ತೇನೆ ಎಂದವರು ತಂದಿಟ್ಟಿದ್ದರು. ಒಂದು ಕ್ಷಣ ಸಂತೋಷವಾಯಿತು ನನಗೆ. ಕೀಲಿ ಹಿಡಿದುಕೊಂಡು ಒಳಗೆ ಹೋಗಿ ಕಪಾಟು ತೆಗೆದೆ. ಖಾಲಿ ಕಪಾಟಿಗೆ ಬೀಗ ಹಾಕಿದ್ದರು.

ತೋಟದ ಕೆಳಗೆ ಹುಡುಕಿದವರಿಗೆ ಅವರು ಸಿಕ್ಕಿದರು. ಅದನ್ನು ನಾನು ಬರೆಯುವುದಿಲ್ಲ. ಕೋವಿಯನ್ನು ಪೊಲೀಸರು ಕೊಂಡುಹೋದರು, ಅದು ಮತ್ತೆ ಆ ಮನೆಗೆ ಬರಲಿಲ್ಲ. ಆ ಸಂಜೆ ನಾನು ಕಪಾಟಿಗೆ ಮತ್ತೆ ಬೀಗ ಹಾಕಿದ್ದೆ, ಯಾಕೆ ಹಾಕಿದೆನೋ ಗೊತ್ತಿಲ್ಲ. ಕೀಲಿ ನನ್ನ ಸ್ಕ್ರೂ ಡಬ್ಬಿಯಲ್ಲಿ ಉಳಿಯಿತು. ಹದಿಮೂರು ದಿನ ಕಳೆದ ಮೇಲೆ ನನ್ನ ಸಾಮಾನನ್ನೆಲ್ಲ ಶೆಡ್ಡಿನಿಂದ ನಮ್ಮ ಜಗಲಿಗೆ ತಂದೆ. ಹೊಟ್ಟಿನ ಬಗ್ಗೆ ನನ್ನ ಹೆಂಡತಿ ಅಂದಿನಿಂದ ಒಂದು ಮಾತೂ ಆಡಿಲ್ಲ.

ಏಳು ವರ್ಷ ಅಕ್ಕ ಕೀಲಿ ಕೇಳಲಿಲ್ಲ. ನಾನು ಕೊಡಲಿಲ್ಲ. ಈಗ ಅವರು ತೋಟವನ್ನು ಮೈದುನನ ಮಕ್ಕಳಿಗೆ ಒಪ್ಪಿಸಿ, ಬಿಟ್ಟಂಗಾಲ ಎಂಬ ಊರಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದಾರೆ. ಕಳೆದ ವಾರ ಸಾಮಾನು ಹೇರಿದ ಪಿಕಪ್ ನಮ್ಮ ಗೇಟಿನಲ್ಲಿ ನಿಂತಿತು. ಅಕ್ಕ ಮುಂದಿನ ಸೀಟಿನಿಂದ ಇಳಿದು, ಕಪಾಟನ್ನು ಜಗಲಿಗೆ ಇಳಿಸಲು ಹೇಳಿದರು. "ನೀನು ಮಾಡಿದ್ದು, ನಿನ್ನ ಹತ್ರವೇ ಇರ್ಲಿ" ಎಂದರು. ನನ್ನ ಹೆಂಡತಿ ಕುರ್ಚಿ ತಂದಿಟ್ಟಳು. ಅವರು ಕೂರಲಿಲ್ಲ. ಕಪಾಟಿನ ಮೇಲೆ ಕೈ ಇಟ್ಟುಕೊಂಡೇ ನಿಂತು, ನನ್ನ ಮುಖ ನೋಡದೆ ಹೇಳಿದರು.

"ಒಂದು ಮಾತು ನಿಂಗೆ ಹೇಳಿಯೇ ಹೋಗ್ಬೇಕು. ಆ ದಿನ ಅವರನ್ನ ಕೀಲಿಗೆ ನಿನ್ನ ಹತ್ರ ಕಳಿಸಿದ್ದು ನಾನು. ಈ ವರ್ಷ ಕೋವಿ ಬೇಡ, ಕತ್ತಿ ಇಟ್ಟು ಪೂಜೆ ಮಾಡುವ ಅಂದ್ರು ಅವರು. ಎರಡು ಸಲ ಹೇಳಿದ್ರು. ನಾನು ಕೇಳ್ಲಿಲ್ಲ. ಕೋವಿ ಇಲ್ಲದೆ ಎಂಥ ಕೈಲ್ ಮುಹೂರ್ತ ಅಂತ ಹಟ ಮಾಡ್ದೆ."

ಅವರಿಗೆಂದು ತಂದ ಕುರ್ಚಿಯಲ್ಲಿ ನಾನೇ ಕೂತೆ. ಭಾವ ಬೇಡ ಎಂದಿದ್ದರು. ಕೊನೆಯವರೆಗೂ ಅವರು ಅದರಿಂದ ದೂರ ಇರಲು ನೋಡಿದ್ದರು. ಅಕ್ಕನಿಗೆ ಗೊತ್ತಿದ್ದರೆ ಹಟ ಮಾಡುತ್ತಿದ್ದರಾ. ನಾನು ಸುಮ್ಮನಿದ್ದರೆ ಅವರು ಈ ಭಾರ ಹೊತ್ತುಕೊಂಡೇ ಪಿಕಪ್ ಹತ್ತುತ್ತಾರೆ. ಇನ್ನೊಂದು ಸಲ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಹೇಳಿದೆ. ಬೀಗ ಬಿಗಿ ಇರಲಿಲ್ಲ ಅಕ್ಕ. ತಾವೇ ಬಂದು ಕೇಳಿದರೂ ಕೊಡಬೇಡ ಎಂದು ಹೇಳಿ ಭಾವ ಕೀಲಿ ಕೊಟ್ಟಿದ್ದರು. ನಿಮಗೆ ಹೇಳಬೇಡ ಎಂದಿದ್ದರು. ನಾನು ಹೇಳಲಿಲ್ಲ. ಕೇಳಿದ ಕೂಡಲೇ ಕೊಟ್ಟೆ.

ಅಕ್ಕ ಕಪಾಟಿನ ಮೇಲಿಂದ ಕೈ ತೆಗೆದರು. ಆಮೇಲೆ, "ಯಾವಾಗ ಹೇಳಿದ್ದು?" ಎಂದು ಕೇಳಿದರು.

"ಕಪಾಟು ಒಳಗೆ ತಂದ ದಿನ."

ಅವರು ಲೆಕ್ಕ ಹಾಕಿದರು. ಬೆರಳು ಒಂದೊಂದಾಗಿ ಮಡಚಿದ್ದು ನನಗೆ ಕಾಣುತ್ತಿತ್ತು.

"ಮೂರು ವಾರ" ಎಂದರು. "ಮೂರು ವಾರ ನೀನು ದಿನಾ ನಮ್ಮ ಮನೇಲಿ ಕಾಫಿ ಕುಡ್ದೆ."

ಅಷ್ಟೇ ಅವರು ಹೇಳಿದ್ದು. ಬೈಯಲಿಲ್ಲ, ಅಳಲಿಲ್ಲ. ನನ್ನ ಹೆಂಡತಿಯ ಕೈ ಹಿಡಿದು ಬರುತ್ತೇನೆ ಎಂದರು. ನನಗೆ ಹೇಳಲಿಲ್ಲ. ಡ್ರೈವರ್ ಮಳೆ ಬರ್ತಾ ಉಂಟು ಎಂದು ಅವಸರ ಮಾಡುತ್ತಿದ್ದ. ಪಿಕಪ್ ತಿರುಗಿ, ನಮ್ಮ ಗೇಟು ದಾಟುವಾಗ ಯಾರೋ ಅಡ್ಡ ಬಂದರೆಂದು ಒಂದು ಹಾರ್ನ್ ಹೊಡೆಯಿತು. ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಅವರು ಹೋದ ಮೇಲೆ ನಾನು ಸ್ಕ್ರೂ ಡಬ್ಬಿಯಿಂದ ಕೀಲಿ ಹುಡುಕಿ ಕಪಾಟು ತೆರೆದದ್ದು. ಕೆಳಗಿನ ಹಲಗೆಯಲ್ಲಿ, ಕಾಫಿ ಕೋಲಿನ ಗುರುತು ನೋಡಿ ನಾನು ಕೆತ್ತಿದ ಗುಳಿ ಹಾಗೇ ಇತ್ತು. ಏಳು ಮಳೆಗಾಲ, ಏಳು ಬೇಸಿಗೆ ಕಂಡ ಬಾಗಿಲು ಎಲ್ಲೂ ಊದಿಲ್ಲ, ಎಲ್ಲೂ ಸಂದು ಬಿಟ್ಟಿಲ್ಲ. ಬೆರಳಲ್ಲಿ ತಳ್ಳಿದರೆ ಸದ್ದಿಲ್ಲದೆ ಹೋಗಿ ಕೂರುತ್ತದೆ. ಅಷ್ಟು ಒಳ್ಳೆಯ ಕೆಲಸ ನಾನು ಆಮೇಲೆ ಮಾಡಿಲ್ಲ. ಬಾಗಿಲು ಮುಚ್ಚಿ ಬೀಗ ಹಾಕಿ, ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಈಗಲೂ ಅಲ್ಲೇ ಇದೆ. ಕೊಡು ಎಂದು ಕೇಳುವುದಕ್ಕೆ ಯಾರೂ ಬರಲಿಲ್ಲ.